ರೋವರ್ ಒತ್ತೆಯಿದ್ದ ಮುಂಗಾರು

ಹಿಂದೂಪುರದ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಬೀಜದ ಅಂಗಡಿ ಇದೆ. ಮೊನ್ನೆ ಮೇ ತಿಂಗಳ ಕೊನೆಯಲ್ಲಿ ಆ ದಾರಿಯಾಗಿ ಆಫೀಸಿಗೆ ಹೋಗುತ್ತಿದ್ದೆ. ಅಂಗಡಿಯ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕೂತು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯ ಒಣ ಧೂಳು, ಅದಕ್ಕೆ ಅಂಟಿದ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ಹೆಬ್ಬೆರಳು ತಾನಾಗಿ ತೋರುಬೆರಳಿಗೆ ಒತ್ತಿಕೊಂಡಿತು. ಉಗುರಿನ ಬುಡದಲ್ಲಿ ಹಳೆಯ ನೋವೊಂದು ಎದ್ದಂತಾಯಿತು.

ನಾನು ಸರ್ವೇಯರ್. ಸರ್ಕಾರ ನನಗೆ ಸಂಬಳ ಕೊಡುವುದು ಭೂಮಿ ಅಳೆಯುವುದಕ್ಕೆ. ಆದರೆ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮುಂಗಾರಿಗೆ ಮುಂಚೆ, ಇಪ್ಪತ್ತಾರು ದಿನ ನಾನು ಭೂಮಿ ಅಳೆಯದೆ ಕಡ್ಲೆಕಾಯಿ ಸುಲಿದೆ.

ಆಗ ನನ್ನ ಪೋಸ್ಟಿಂಗ್ ಕರೆಕಲ್ಲಹಟ್ಟಿಯಲ್ಲಿ. ಅನಂತಪುರದ ಕಡೆ, ಕುಂದುರ್ಪಿಯ ಹತ್ತಿರದ ಊರು. ಊರ ಪಡುವಲಕ್ಕೆ ಸ್ವಲ್ಪ ದೂರ ನಡೆದರೆ ಕರ್ನಾಟಕ. ಮನೆಯೊಳಗೆ ಕನ್ನಡ, ಆಫೀಸಿನಲ್ಲಿ ತೆಲುಗು, ಜಗಳ ಬಂದರೆ ಎರಡೂ. ನಾನು ಓದಿದ್ದೆಲ್ಲ ತೆಲುಗಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಗೌರಿಬಿದನೂರು ಕಡೆಯವಳಾದ ನನ್ನ ಅಮ್ಮ. ಕಲ್ಯಾಣದುರ್ಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಊರವರಿಗೆ ನನ್ನ ಹೆಸರು ಭಾರತಿ ಅನ್ನುವುದು ಬೇಕಾಗಿರಲಿಲ್ಲ. ಸರ್ವೇಯಮ್ಮ, ಅಷ್ಟೇ.

ಊರಿನ ಮೂಡಲಕ್ಕೆ ಇಳಿಜಾರಾಗಿ ಹಬ್ಬಿದ ಹೊಲಗಳಿದ್ದವು. ಅದಕ್ಕೆ ಮೂಡಲ ಬಯಲು ಅನ್ನುತ್ತಿದ್ದರು. ಆ ಬಯಲಿಗೆ ಬಯಲೇ ಸೋಲಾರ್ ಹಾಕುತ್ತೇವೆ ಅಂತ ಒಂದು ಕಂಪನಿ ಬಂದಿತ್ತು. ಪಟ್ಟಾ ಇದ್ದವರಿಂದ ಹೊಲವನ್ನು ಬಹಳ ವರ್ಷಗಳ ಗುತ್ತಿಗೆಗೆ ತೆಗೆದುಕೊಂಡು, ಸುತ್ತ ತಂತಿಬೇಲಿ ಹಾಕಿ, ಸಾಲು ಸಾಲಾಗಿ ಪ್ಲೇಟುಗಳನ್ನು ನಿಲ್ಲಿಸುವ ಯೋಜನೆ. ಅದಕ್ಕೆ ಮೊದಲು ಹೊಲದ ಗಡಿಯನ್ನೂ ಸ್ಥಿತಿಯನ್ನೂ ಬರೆದುಕೊಡಬೇಕಾದದ್ದು ನಾನು. ಒಂದೊಂದು ಸರ್ವೇ ನಂಬರಿಗೆ ಫಾರಮ್ಮಿನಲ್ಲಿ ಒಂದೊಂದು ಸಾಲು. ಕೊನೆಯ ಕಾಲಮ್ಮಿನಲ್ಲಿ ಮೂರು ಆಯ್ಕೆ: ಬೆಳೆ, ತೋಟ, ಬೀಡು. ಬೀಡು ಅಂದರೆ ಉಳದೆ ಪಾಳು ಬಿಟ್ಟ ನೆಲ. ಯೋಜನೆಗೆ ಬೇಕಾದದ್ದು ಅದೇ, ಬೆಳೆ ಅಂತ ಇದ್ದರೆ ಒಪ್ಪಿಗೆ ಸಿಗುವುದು ಕಷ್ಟ.

ಎರಡು ದಿನ ರೋವರ್ ಹಿಡಿದು ತಿರುಗಿದೆ. ರೋವರ್ ಅಂದರೆ ತಲೆಯೆತ್ತರದ ಒಂದು ಕೋಲು, ಅದರ ತುದಿಗೆ ತಟ್ಟೆಯಂಥ ಯಂತ್ರ. ಆಕಾಶದ ಉಪಗ್ರಹಗಳಿಂದ ಸಂಕೇತ ಹಿಡಿದು, ನಾವು ನಿಂತ ಜಾಗವನ್ನು ಬೆರಳಗಲದ ಲೆಕ್ಕದಲ್ಲಿ ಹೇಳಿಬಿಡುತ್ತದೆ. ನಮ್ಮ ಮಂಡಲಕ್ಕೆ, ನಿಮ್ಮ ಕಡೆಯ ತಾಲ್ಲೂಕು ಅನ್ನಿ, ಅದು ಹೊಸದು. ನನ್ನ ಕೈಗೆ ಕೊಟ್ಟಾಗ ರಸೀದಿಗೆ ಸಹಿ ಹಾಕಿಸಿಕೊಂಡಿದ್ದರು. ಅದನ್ನು ನೆಟ್ಟು ನಾಲ್ಕು ಮೂಲೆ ಹಿಡಿಯುವುದು, ಸುತ್ತ ನೋಡುವುದು, ಬೀಡು ಅಂತ ಗುರುತು ಹಾಕುವುದು, ಮುಂದಿನ ಹೊಲಕ್ಕೆ ಹೋಗುವುದು. ವೈಶಾಖದ ಬಿಸಿಲು. ಕಣ್ಣು ಹಾಯುವಷ್ಟು ದೂರ ಬರಿಯ ಕೆಂಪು ಮಣ್ಣು, ಅಲ್ಲಲ್ಲಿ ಒಂದು ಬೇವಿನ ಮರ. ಬೀಡು ಅಲ್ಲದೆ ಮತ್ತೇನು ಬರೆಯಲಿ ಅಂತ ನನಗೆ ಅನುಮಾನವೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಐದಾರು ಹೆಂಗಸರು ಬದುವಿನ ಮೇಲೆ ಬಂದು ನಿಂತರು. ಮುಂದೆ ಇದ್ದವಳು ಹನುಮಕ್ಕ. ವಯಸ್ಸು ಐವತ್ತು ದಾಟಿತ್ತು, ಎತ್ತರದ ಒಣಕಲು ಆಳು. ಅವಳ ಗಂಡ ಪೆನುಕೊಂಡದ ಹತ್ತಿರ ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದ, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಬಯಲಿನಲ್ಲಿ ನಾಲ್ಕೆಕರೆ ಉಳುವವಳು ಇವಳೇ. ಆ ಹೊಲ ಅವಳದಲ್ಲ, ಅದೇ ಊರಿನ ಓಬಳೇಶಪ್ಪನದು. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. ವಾರಕ್ಕೆ ಮಾಡುವುದು ಅನ್ನುತ್ತಾರೆ ಅದಕ್ಕೆ. ಹನ್ನೊಂದು ವರ್ಷದಿಂದ ಹಾಗೆ ನಡೆದುಬಂದಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

"ಏನ್ ಬರ್ಕೊಂತಾ ಇದೀಯಮ್ಮ?" ಅಂದಳು.

"ಹೊಲದ ಸ್ಥಿತಿ, ಅಕ್ಕ."

"ಏನಂತ ಬರ್ದೆ?"

"ಬೀಡು ಅಂತ."

ಅವಳು ಹೊಲ ನೋಡಿದಳು, ನನ್ನನ್ನು ನೋಡಿದಳು. "ಯಾವೂರು ನಿಂದು?"

"ಹಿಂದೂಪುರ."

"ಅಲ್ಲಿ ವೈಶಾಖದಾಗೆ ಹೊಲ ಹಸ್ರಾಗಿರ್ತಾವಾ?"

"ಇಲ್ಲ."

"ಮತ್ತೆ?"

"ಅಕ್ಕ, ಫಾರಮ್ಮಿನಲ್ಲಿ ಈಗ ಏನಿದೆ ಅಂತ ಕೇಳಿದ್ದಾರೆ. ಈಗ ಏನೂ ಇಲ್ಲವಲ್ಲ."

"ನಿದ್ದೆ ಮಾಡ್ತಾ ಇರೋನ್ನ ನೋಡಿ ಸತ್ತೋದ ಅಂತ ಬರ್ಕೊಂಡೋಯ್ತೀಯಾ?"

ಹಿಂದಿದ್ದವರು ನಕ್ಕರು. ಅವಳು ನಗಲಿಲ್ಲ. ಮುಂದೆ ಬಂದು ರೋವರಿನ ಕೋಲನ್ನು ನೆಲದಿಂದ ಕಿತ್ತು, ಒನಕೆ ಹೊರುವ ಹಾಗೆ ಹೆಗಲಿಗೆ ಹಾಕಿಕೊಂಡಳು. "ಮಳೆ ಬರ್ಲಿ. ಬಿತ್ತನೆ ಆಗ್ಲಿ. ಆವಾಗ ಬಂದು ಅಳ್ಕೊಂಡೋಗು. ಅಲ್ಲಿಗಂಟ ಇದು ನಮ್ಮನ್ಯಾಗಿರ್ತೈತೆ."

ನಾನು ಹಿಂದೆ ಓಡಿದೆ. "ಅಕ್ಕ, ಅದು ಗೌರ್ಮೆಂಟಿನದು!"

"ಗೌರ್ಮೆಂಟು ನಮ್ದೂ ಅಲ್ವೇನಮ್ಮ?" ಅನ್ನುತ್ತಾ ಅವಳು ತಿರುಗಿಯೂ ನೋಡದೆ ನಡೆದಳು. ಇನ್ನೊಬ್ಬಳು ರೋವರಿನ ಜೊತೆಯ ಪೆಟ್ಟಿಗೆ ಎತ್ತಿಕೊಂಡು, "ಇದಕ್ಕೆ ಬಿಸಿಲು ತಾಗ್ಬೌದಾ?" ಅಂತ ನನ್ನನ್ನೇ ಕೇಳಿದಳು. ತಾಗಬಾರದು ಅಂದೆ. ಸೆರಗು ಮುಚ್ಚಿ ಹಿಡಿದುಕೊಂಡಳು. ಹನುಮಕ್ಕನ ಮನೆಯ ಮುಂದೆ ನಿಂತು ನಾನು ಅಳುವುದೊಂದು ಬಾಕಿ. ಅವಳು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟಳು. "ನಿನ್ಮ್ಯಾಲೆ ನಮಗೇನೂ ಇಲ್ಲ ಕಣಮ್ಮ. ಕುಡಿ," ಅಂದಳು.

ಮಂಡಲದ ಆಫೀಸಿನಲ್ಲಿ ತಹಸೀಲ್ದಾರ್ ಸಾರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯ ಅಲ್ಲ. ಮೇಲಿನಿಂದ ದಿನಕ್ಕೆರಡು ಸಲ ಫೋನ್ ಬರುವ ಮನುಷ್ಯ.

"ಎವರು ತೀಸ್ಕುನ್ನಾರು? ಪೇರ್ಲು ರಾಸಿವ್ವು," ಅಂದರು. ಯಾರು ತೆಗೆದುಕೊಂಡರೋ ಅವರ ಹೆಸರು ಬರೆದುಕೊಡು.

ಹೆಸರು ಬರೆದರೆ ಅದು ಪೊಲೀಸ್ ಕಂಪ್ಲೇಂಟ್ ಆಗುತ್ತದೆ. ಬರೆಯದಿದ್ದರೆ ಯಂತ್ರ ಕಳೆದವಳು ನಾನಾಗುತ್ತೇನೆ. ನನ್ನದಿನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಒಂದು ವಾರ ಟೈಮ್ ಕೊಡಿ ಸಾರ್, ನಾನೇ ಮಾತಾಡಿ ತರುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ಒಂದೇ ವಾರ" ಅಂದರು.

ಹೀಗೆ ಶುರುವಾದದ್ದು ನನ್ನ ಕಡ್ಲೆಕಾಯಿ ಸುಲಿಯುವ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ಹನುಮಕ್ಕನ ಜಗಲಿಯಲ್ಲಿ ಕೂರುತ್ತಿದ್ದೆ. ರೋವರ್ ಕೊಡು ಅಕ್ಕ ಅನ್ನುತ್ತಿದ್ದೆ. ಮಳೆ ಬರ್ಲಿ ಅನ್ನುತ್ತಿದ್ದಳು. ಸುತ್ತ ಹೆಂಗಸರು ಸುಲಿಯುತ್ತಾ ಕೂತಿರುವಾಗ ಕೈಕಟ್ಟಿ ಕೂರುವುದು ಮುಜುಗರ. ಎರಡನೆಯ ದಿನ ನಾನೂ ಒಂದು ಮೊರ ಎಳೆದುಕೊಂಡೆ.

ಚಿಕ್ಕಂದಿನಿಂದ ನನಗೆ ಪ್ರಶ್ನೆ ಕೇಳುವ ಚಟ. ಮಿಷನ್ನಿಗೆ ಹಾಕಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದಲ್ಲ, ಯಾಕೆ ಕೈಯಲ್ಲಿ ಸುಲಿಯುತ್ತೀರಿ ಅಂದೆ. ಹನುಮಕ್ಕ ಒಂದು ಬೀಜ ಎತ್ತಿ ತುದಿ ತೋರಿಸಿದಳು. ಅಲ್ಲಿ ಸಾಸಿವೆಯಷ್ಟು ಚಿಕ್ಕದೊಂದು ಮೂತಿ.

"ಇಲ್ಲಿಂದ್ಲೇ ಮೊಳಕೆ ಬರೋದು. ಮಿಷನ್‌ಗಾಕಿದ್ರೆ ಈ ಮೂತಿ ಮುರ್ದೋಯ್ತೈತೆ. ಎಣ್ಣೆಗೆ ಆಯ್ತೈತೆ, ಬಿತ್ತನೆಗೆ ಆಗಾಕಿಲ್ಲ."

ಇಪ್ಪತ್ತೇಳು ವರ್ಷ ಕಡ್ಲೆಕಾಯಿ ತಿಂದವಳು ನಾನು. ಆ ಮೂತಿಯನ್ನು ಆವತ್ತೇ ನೋಡಿದ್ದು.

ಹಾಗಾದರೆ ಆ ಬರಿಯ ನೆಲದಲ್ಲಿ ನಿಮಗೆ ಏನು ಕಾಣುತ್ತದೆ ಅಂತ ಇನ್ನೊಂದು ದಿನ ಕೇಳಿದೆ. ಬಾಯಲ್ಲಿ ಹೇಳುವುದು ಬೇಡ ಅಂತ ಅವಳು ನನ್ನನ್ನು ಬಯಲಿಗೆ ಕರೆದುಕೊಂಡು ಹೋದಳು. ಅದೇ ಹೊಲ, ಅದೇ ಬಿಸಿಲು. ಹೆಂಟೆಯೊಂದನ್ನು ಒಡೆದು ಒಳಗಿನ ಕಪ್ಪು ಪುಡಿ ತೋರಿಸಿದಳು. ಕುರಿ ಹಿಕ್ಕೆ. ಮಾಘದಲ್ಲಿ ಕುರಿ ಕಾಯುವ ಕರಿಯಣ್ಣನನ್ನು ಕರೆದು, ಅವನ ಹಿಂಡನ್ನು ಹೊಲದಲ್ಲಿ ಕೂಡಿಸಿಕೊಂಡಿದ್ದಳಂತೆ. ಹಿಂಡು ತಂಗಿದ ಮೂಲೆಯಲ್ಲಿ ಮಣ್ಣಿನ ಬಣ್ಣವೇ ಬೇರೆ. ಮೊದಲ ಉಳುಮೆಯಾಗಿ ಮಣ್ಣು ಬಿಸಿಲಿಗೆ ಕಾಯಲು ಬಿದ್ದಿತ್ತು. ಹೋದ ವರ್ಷ ಬೆಳೆಯ ನಡುನಡುವೆ ತೊಗರಿ, ಅಲಸಂದೆ ಬಿತ್ತಿದ ಅಕ್ಕಡಿ ಸಾಲುಗಳ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಬದುವಿನ ಕಲ್ಲುಗಳೆಲ್ಲ ಹೊಲದ ಒಳಗಿಂದ ಆಯ್ದು ತಂದು ಹಾಕಿದವು, ಹನ್ನೊಂದು ವರ್ಷದಲ್ಲಿ.

ನಾನು ಅದೇ ಜಾಗದಲ್ಲಿ ಕೋಲು ನೆಟ್ಟು, ಬೆರಳಗಲದ ತಪ್ಪೂ ಇಲ್ಲದೆ ಮೂಲೆ ಗುರುತಿಸಿ, ಬೀಡು ಅಂತ ಬರೆದಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಕುತೂಹಲವಾಯಿತು. ಇನ್ನೂ ಏನೇನು ನೋಡದೆ ಬಿಟ್ಟಿರಬಹುದು?

ಹೊಲದ ಒಡೆಯ ಓಬಳೇಶಪ್ಪನ ಮನೆ ಅದೇ ಬೀದಿಯಲ್ಲಿ ಮೂರು ಮನೆ ಆಚೆ. ಅರವತ್ತರ ಹತ್ತಿರದ ಮನುಷ್ಯ, ಮೊಣಕಾಲು ನೋವಿಗೆ ಹಸಿರು ಪಟ್ಟಿ ಸುತ್ತಿಕೊಂಡಿರುತ್ತಿದ್ದ. ಸೋಲಾರಿಗೆ ಹೊಲ ಕೊಡಲು ಮೊದಲು ಒಪ್ಪಿದವನು ಅವನು. ಊರಿನಲ್ಲಿ ಅರ್ಧ ಜನ ಅವನ ಜೊತೆ ಮಾತು ಬಿಟ್ಟಿದ್ದರು. ಅವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ಒಂದು ಮಧ್ಯಾಹ್ನ ನಾನೇ ಹೋದೆ.

"ಕೂತ್ಕೊ ಸರ್ವೇಯಮ್ಮ," ಅಂತ ಚಾಪೆ ಹಾಕಿದ. "ಆ ಕಡೆಯೋರ ಮಾತೆಲ್ಲ ಕೇಳ್ದಲ್ಲ, ನಂದೂ ಕೇಳು. ನಲ್ವತ್ತು ವರ್ಷ ಮೋಡ ನೋಡ್ದೆ ಕಣಮ್ಮ. ಬತ್ತೀನಿ ಅಂತೈತೆ, ಮೇಲಾಸಿ ಹೊಂಟೋಯ್ತೈತೆ. ಬಿಸ್ಲು ಮಾತ್ರ ಒಂದಿನಾನೂ ಕೈ ಕೊಟ್ಟಿಲ್ಲ. ಇನ್ನುಳಿದ ಕಾಲ ಬಿಸ್ಲೇ ಬೆಳ್ಕೊಂತೀನಿ ಬಿಡು. ಅದ್ರಾಗೇನು ತಪ್ಪು?"

ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಹಾಗೆಂದು ಹೇಳಿದೆ ಕೂಡ. ಅವನು ಬಾಗಿಲಾಚೆ ಹನುಮಕ್ಕನ ಜಗಲಿಯ ಕಡೆ ನೋಡಿದ.

"ಒಳ್ಳೆ ಕೆಲ್ಸಗಾತಿ. ಇಲ್ಲ ಅನ್ನಲ್ಲ. ನನ್ನ ಹೊಲ ನನ್ಗಿಂತ ಚೆನ್ನಾಗಿ ಮಾಡವ್ಳೆ. ಆದ್ರೂ ನನ್ನೊಲ ಕೊಡ್ಬ್ಯಾಡ ಅನ್ನಾಕೆ ಅವ್ಳ್ಯಾರು, ನೀನೇ ಯೋಳು."

ವಾಪಸ್ ಬಂದು ಮೊರ ಹಿಡಿದೆ. ಅಲ್ಲಿ ಏನಂದ ಅಂತ ಹನುಮಕ್ಕ ಕೇಳಲಿಲ್ಲ.

ವಾರ ಮುಗಿಯುವ ಮುಂಚೆ ಊರ ಶಾಲೆಯ ವರಾಂಡದಲ್ಲಿ ಗ್ರಾಮಸಭೆ ನಡೆಯಿತು. ಕಂಪನಿಯ ಕಡೆಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಎಲ್ಲೋ ಉತ್ತರದ ಕಡೆಯ ಹುಡುಗ, ಹೊಸದಾಗಿ ಕಲಿತ ತೆಲುಗು, ಮಾತಿನಲ್ಲಿ ವಿನಯ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಆಕಾಶದಿಂದ ತೆಗೆದ ಮೂಡಲ ಬಯಲಿನ ಚಿತ್ರ ತೋರಿಸಿದ. ನೋಡಿ, ಎಲ್ಲ ಖಾಲಿ ಜಾಗ ಅಂದ. ತಹಸೀಲ್ದಾರ್ ಸಾರ್ ಪಕ್ಕದಲ್ಲಿ ಕೂತಿದ್ದರು. ನಾನು ಗೋಡೆಗೊರಗಿ ನಿಂತಿದ್ದೆ.

ಹನುಮಕ್ಕ ಎದ್ದು ಮುಂದೆ ಹೋಗಿ ಬಗ್ಗಿ ಚಿತ್ರ ನೋಡಿದಳು. ತನ್ನ ಹೊಲ ಎಲ್ಲಿದೆ ಅಂತ ಬೇವಿನ ಮರದ ಗುರುತು ಹಿಡಿದು ಹುಡುಕಿದಳು. ಸಿಕ್ಕಿದಾಗ ಮುಖ ಅರಳಿತು. "ಎಷ್ಟು ಚೆಂದಾಗಿ ಕಾಣ್ತೈತೆ," ಅಂದಳು. ಆಮೇಲೆ ಅವನನ್ನು ಕೇಳಿದಳು, "ಇದು ಯಾವ ತಿಂಗ್ಳಾಗೆ ತೆಗ್ದಿದ್ದು ಸಾಮಿ?"

ನಾನು ತೆಲುಗಿನಲ್ಲಿ ಹೇಳಿದ ಮೇಲೆ ಅವನು ಕಂಪ್ಯೂಟರಿನಲ್ಲಿ ನೋಡಿ, "ಏಪ್ರಿಲ್" ಅಂದ.

"ಶ್ರಾವಣದಾಗೆ ತೆಗ್ದಿದ್ದು ಐತಾ?"

ಅದನ್ನೂ ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅವನು ಮತ್ತೆ ಕಂಪ್ಯೂಟರಿನಲ್ಲಿ ಹುಡುಕಿ, ಇಲ್ಲ ಅಂದ. ಸಭೆ ನಕ್ಕಿತು. ಪಾಪ, ಅವನೂ ನಕ್ಕ. ಆಮೇಲೆ ಅವನೇ ಕೇಳಿದ, "ನಿಮಗೆ ಸೋಲಾರೇ ಬೇಡವಾ?"

ಕರಿಯಣ್ಣ ಕಂಬಳಿ ಸರಿಮಾಡಿಕೊಂಡು ಎದ್ದ. "ಬ್ಯಾಡ ಅಂತ ಯಾರಂದ್ರು? ನಮ್ಮಟ್ಟಿ ಮ್ಯಾಲೂ ಒಂದು ಪ್ಲೇಟೈತೆ, ಅದ್ರಾಗೇ ಲೈಟು, ಅದ್ರಾಗೇ ಫೋನು. ನೀವು ಬೇಲಿ ಹಾಕ್ತೀರಲ್ಲ, ನನ್ನ ಕುರಿ ಆಮೇಲೆ ಎಲ್ಲಿಗೋಗ್ಬೇಕು? ನನ್ನೆಸ್ರಿಗೆ ಒಂದು ಗೇಣು ನೆಲ ಇಲ್ಲ. ನಿಮ್ಮ ಕಾಗ್ದದಾಗೆ ನಾನಿಲ್ಲ."

ಓಬಳೇಶಪ್ಪ ಮೊಣಕಾಲು ಹಿಡಿದುಕೊಂಡು ಎದ್ದದ್ದು ಆಗ. "ಕುರಿಗೆ ನನ್ನೊಲ ಬೇಕು. ವಾರಕ್ಕೆ ಮಾಡೋರ್ಗೆ ನನ್ನೊಲ ಬೇಕು. ಎಲ್ರಿಗೂ ಬೇಕು. ನನ್ನೊಲ ನನ್ನಿಷ್ಟ ಅಂತ ನಾನು ಮಾತ್ರ ಅನ್ಬಾರ್ದು. ಯಾವ ನ್ಯಾಯ ಇದು?"

ಎಲ್ಲರೂ ಹನುಮಕ್ಕನನ್ನು ನೋಡಿದರು. ಅವಳು ಅವನ ಕಡೆ ತಿರುಗಿ, ಜಗಳದ ದನಿಯಲ್ಲಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಂದಳು:

"ಹೊಲ ನಿಂದೇ ಓಬಳೇಸಣ್ಣ. ಕೊಡ್ತೀನಿ ಅಂದ್ರೆ ನಾನ್ಯಾರು ಬ್ಯಾಡ ಅನ್ನಾಕೆ. ಕೊಡೋದಾದ್ರೆ ಹೊಲ ಅಂತ ಯೋಳಿ ಕೊಡು. ಬೀಡು ಅಂತ ಯೋಳಿ ಕೊಡ್ಬ್ಯಾಡ. ಹನ್ನೊಂದು ವರ್ಷ ನಾನಲ್ಲಿ ಏನ್ ಮಾಡ್ತಾ ಇದ್ದೆ ಅಂಗಾದ್ರೆ?"

ಅವನು ಕೂತ. ಅವಳೂ ಕೂತಳು. ಸಭೆ ಯಾವ ತೀರ್ಮಾನವೂ ಇಲ್ಲದೆ ಮುಗಿಯಿತು.

ಹೊರಗೆ ಜೀಪಿನ ಹತ್ತಿರ ತಹಸೀಲ್ದಾರ್ ಸಾರ್ ನನ್ನನ್ನು ಕರೆದು, ನಾಳೆ ಬರವಣಿಗೆಯಲ್ಲಿ ಏನಾದರೂ ಕೊಡಲೇಬೇಕು ಅಂದರು. ಮರುದಿನ ಕಲ್ಯಾಣದುರ್ಗದ ಕೋಣೆಯಲ್ಲಿ ಕೂತು ತೆಲುಗಿನಲ್ಲಿ ಮೂರು ಸಲ ಬರೆದು ಮೂರು ಸಲ ಹರಿದೆ. ನಾಲ್ಕನೆಯ ಸಲ ಬರೆದದ್ದು ಇಷ್ಟು: ರೋವರ್ ಗ್ರಾಮದಲ್ಲಿ ಸುರಕ್ಷಿತವಾಗಿದೆ, ಅದು ಅಲ್ಲಿರುವ ಜವಾಬ್ದಾರಿ ನನ್ನದು. ಎರಡು ದಿನ ನಾನು ಬರೆದ ಸ್ಥಿತಿ ತಪ್ಪು. ಇದು ಮಳೆಯಾಶ್ರಿತ ಭೂಮಿ. ಬಿತ್ತನೆಯಾದ ಮೇಲೆ ಮತ್ತೊಮ್ಮೆ ನೋಡದೆ ಸ್ಥಿತಿ ಬರೆಯಲು ಆಗುವುದಿಲ್ಲ. ಯಾರ ಹೆಸರನ್ನೂ ಬರೆಯಲಿಲ್ಲ. ಸಹಿ ಹಾಕುವಾಗ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು. ಮಾಡಿದರೆ ಹೆದರಿ ಬೇಡ ಅನ್ನುತ್ತಾಳೆ ಅಂತ ಮಾಡಲಿಲ್ಲ.

ಸಾರ್ ಅದನ್ನು ಎರಡು ಸಲ ಓದಿದರು. "ನೀಕು ಮೆಮೋ ಒಸ್ತುಂದಮ್ಮಾ," ಅಂದರು. ನಿನಗೆ ಮೆಮೋ ಬರುತ್ತದೆ. ಬಂದೇಬಿಟ್ಟಿತು. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ. ನನ್ನ ಪ್ರೊಬೇಷನ್ ಒಂದು ವರ್ಷ ಮುಂದೆ ಹೋಯಿತು. ಆದರೆ ಆ ಕಾಗದವನ್ನು ಅವರು ಕಸದಬುಟ್ಟಿಗೆ ಹಾಕಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿ ಮೇಲಕ್ಕೆ ಕಳಿಸಿದರು. ಆ ಸಾಲಿನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹತ್ತು ದಿನದ ಮೇಲೆ ಎರಡನೆಯ ಪರಿಶೀಲನೆಗೆ ಒಪ್ಪಿಗೆ ಬಂತು.

ಈಗ ಕಾಯಬೇಕಾದದ್ದು ಮಳೆಗೆ. ರೋಹಿಣಿ ಮಳೆ ಬರಲಿಲ್ಲ. ಮೃಗಶಿರ ನಾಲ್ಕು ಹನಿ ಹಾಕಿ ಹೋಯಿತು. ನನ್ನ ಹೆಬ್ಬೆರಳಿನ ಚರ್ಮ ಸುಲಿದು, ಬಟ್ಟೆ ಸುತ್ತಿಕೊಂಡು ಕಾಯಿ ಒಡೆಯುತ್ತಿದ್ದೆ. ಮಳೆಗೆ ನಾನೂ ಅವರ ಹಾಗೆ ಆಕಾಶ ನೋಡತೊಡಗಿದ್ದೆ. ಬ್ರಹ್ಮಸಮುದ್ರ ಊರಿನ ದಿಕ್ಕಿನಲ್ಲಿ ಮಿಂಚಿದರೆ ಏನು ಅರ್ಥ, ಗಾಳಿ ತಿರುಗಿದರೆ ಏನು ಅರ್ಥ, ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದರೆ ಏನು. ಕೇಳಿದ್ದಕ್ಕೆಲ್ಲ ಅವರು ಉತ್ತರ ಹೇಳುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಉತ್ತರ.

ಆರಿದ್ರ ಹುಟ್ಟಿದ ಮೂರನೆಯ ದಿನ, ಮಧ್ಯಾಹ್ನ, ನಾವೆಲ್ಲ ಜಗಲಿಯಲ್ಲಿ ಇರುವಾಗಲೇ ಮಳೆ ಬಂತು. ಮೊದಲು ಧೂಳು ಎದ್ದು ಊರೇ ಕೆಂಪಾಯಿತು, ಆಮೇಲೆ ಒಂದು ಗಂಟೆ ಬಿಡದೆ ಹೊಡೆಯಿತು. ಯಾರೂ ಕುಣಿಯಲಿಲ್ಲ, ಕೂಗಲಿಲ್ಲ. ಹೆಂಗಸರು ಬೀಜದ ಚೀಲಗಳನ್ನು ಒಳಗೆ ಎಳೆದು, ಕೈಬೆರಳಿನಲ್ಲಿ ದಿನ ಎಣಿಸತೊಡಗಿದರು. ಹನುಮಕ್ಕ ಅಂಗಳಕ್ಕೆ ಇಳಿದು ಒಂದು ಕೋಲು ಚುಚ್ಚಿ, ನೀರು ಎಷ್ಟು ಆಳ ಇಳಿದಿದೆ ಅಂತ ನೋಡಿದಳು. ಒಳಗೆ ಹೋಗಿ ಅಟ್ಟದಿಂದ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಇಳಿಸಿ ತಂದು ನನ್ನ ಮಡಿಲಿಗಿಟ್ಟಳು.

"ತಗೋಮ್ಮ ನಿನ್ನ ಮಿಷನ್ನು. ಕರಿಯಣ್ಣ ವಾರಕ್ಕೊಂದ್ಸಲ ತಗೊಂಡೋಗಿ ಅವನ ಪ್ಲೇಟಿಗಾಕಿ ಚಾರ್ಜ್ ಮಾಡ್ಕೊಂಡ್ಬತ್ತಿದ್ದ. ಸತ್ತುಗಿತ್ತು ಹೋದ್ರೆ ನಿನ್ತಲೆಗೆ ಬತ್ತೈತೆ ಅಂತ."

ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಇಪ್ಪತ್ತಾರು ದಿನದಲ್ಲಿ ಮೊದಲ ಸಲ ನನಗೆ ಅಳು ಬಂತು.

ಬಿತ್ತನೆಯಾಗಿ ಮೂರು ವಾರಕ್ಕೆ ನಾನು ಮತ್ತೆ ಬಯಲಿಗೆ ಇಳಿದೆ. ಹೆಚ್ಚಿನ ಹೊಲಗಳಲ್ಲಿ ಕಡ್ಲೆಕಾಯಿ ಸಾಲು, ಮಧ್ಯೆ ತೊಗರಿ, ಅಲಸಂದೆ. ಫೋಟೋ ತೆಗೆದು, ಸಾಲು ಸಾಲಾಗಿ ಬೆಳೆ ಅಂತ ಬರೆದೆ. ಕೆಲವು ಹೊಲ ನಿಜವಾಗಿಯೂ ಬೀಡೇ ಇದ್ದವು. ಜಾಲಿ ಬೆಳೆದು, ಒಡೆಯರು ಯಾವ ಊರಿನಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲದವು. ಅವನ್ನು ಬೀಡು ಅಂತಲೇ ಬರೆದೆ. ಹೆಂಗಸರಲ್ಲಿ ಒಬ್ಬಳು ಅದನ್ನೂ ಬೆಳೆ ಅಂತ ಹಾಕಿಬಿಡು ಅಂದಾಗ, ಹನುಮಕ್ಕನೇ "ಇರೋದು ಬರೀಲಿ, ಸುಮ್ಕಿರು" ಅಂದಳು.

ಓಬಳೇಶಪ್ಪನ ನಾಲ್ಕೆಕರೆಗೆ ಬಂದಾಗ ಅವನು ಬದುವಿನ ಮೇಲೆ ಕಾಯುತ್ತಿದ್ದ. ಅಡಂಗಲ್‌ನಲ್ಲಿ, ಅಂದರೆ ನಿಮ್ಮ ಕಡೆಯ ಪಹಣಿಯಲ್ಲಿ, ಉಳುವವರ ಹೆಸರಿಗೆ ಒಂದು ಕಾಲಂ ಇದೆ. ವಾರಕ್ಕೋ ಗೇಣಿಗೋ ಮಾಡುವವರ ಹೆಸರು ಅಲ್ಲಿ ಬರಬೇಕಾದರೆ ಒಡೆಯನ ಸಹಿ ಬೇಕು. ನಾನು ಕಾಗದ ಮುಂದಿಟ್ಟೆ. ಅವನು ಬಹಳ ಹೊತ್ತು ಹಸಿರು ಸಾಲುಗಳನ್ನು ನೋಡುತ್ತ ನಿಂತ.

"ಬೆಳೆ ಅಂತ ಬರ್ಕೊ. ಸುಳ್ಳು ಯೋಳಾಕಾಗಾಕಿಲ್ಲ, ಕಣ್ಣಿಗೆ ಕಾಣ್ತಾ ಐತೆ. ಹೆಸ್ರು ಮಾತ್ರ ಬ್ಯಾಡ. ಇವತ್ತು ಹೆಸ್ರು ಬಿದ್ರೆ ನಾಳೆ ಹೊಲ ಹೋಗ್ಬುಡ್ತೈತೆ ಅಂತ ಭಯ ಕಣಮ್ಮ."

ಹನುಮಕ್ಕ ಹತ್ತಿರದಲ್ಲೇ ಕಳೆ ಕೀಳುತ್ತಿದ್ದಳು. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ. ಉಳುವವರ ಕಾಲಮ್ಮಿನಲ್ಲಿ ನಾನು ಓಬಳೇಶಪ್ಪ ಅಂತ ಬರೆದೆ. ಆ ಬಯಲಿನಲ್ಲಿ ನಾನು ಬರೆದದ್ದರಲ್ಲಿ ತಪ್ಪು ಅಂತ ಗೊತ್ತಿದ್ದೂ ಬರೆದದ್ದು ಅದೊಂದೇ.

ದಸರಾ ಕಳೆದ ಮೇಲೆ ಸುದ್ದಿ ಬಂತು. ಮೂಡಲ ಬಯಲನ್ನು ಯೋಜನೆಯಿಂದ ಕೈಬಿಟ್ಟಿದ್ದರು. ಪ್ಲೇಟುಗಳು ಹೋದದ್ದು ಎರಡು ಊರು ಆಚೆಯ ಕಲ್ಲುಗುಡ್ಡದ ತಪ್ಪಲಿಗೆ. ಈಗ ಬಸ್ಸಿನಿಂದ ಅವು ಕಾಣುತ್ತವೆ. ದೂರದಿಂದ ಕೆರೆ ತುಂಬಿದ ಹಾಗೆ ಹೊಳೆಯುತ್ತವೆ. ಅಲ್ಲಿ ಮೊದಲು ಏನಿತ್ತು, ಯಾರ ಕುರಿ ಮೇಯುತ್ತಿತ್ತು, ಸ್ಥಿತಿ ಬರೆದ ಸರ್ವೇಯರ್ ಯಾವ ತಿಂಗಳಲ್ಲಿ ಹೋಗಿದ್ದ ಅಂತ ನೋಡಿದಾಗಲೆಲ್ಲ ಮನಸ್ಸು ಕೇಳುತ್ತದೆ. ಕರೆಕಲ್ಲಹಟ್ಟಿಯವರು ಗೆದ್ದೆವು ಅಂತ ಶಾಲೆಯ ಮುಂದೆ ಪಾಯಸ ಮಾಡಿದರು. ಓಬಳೇಶಪ್ಪ ಬರಲಿಲ್ಲ. ಆ ವರ್ಷದ ಕಾಯಿ ಕಿತ್ತು ಹಂಚಿಕೊಂಡ ಮೇಲೆ ಹನುಮಕ್ಕನಿಗೆ, "ಮುಂದ್ಲ ವರ್ಸದಿಂದ ನಾನೇ ಮಾಡಿಸ್ಕೊಂತೀನಿ" ಅಂತ ಹೇಳಿಬಿಟ್ಟ. ನನಗೆ ಹಿಂದೂಪುರಕ್ಕೆ ವರ್ಗವಾದ ಮೇಲೆ ಅದನ್ನು ಕರಿಯಣ್ಣ ಫೋನಿನಲ್ಲಿ ತಿಳಿಸಿದ. ಅವಳ ಜೊತೆ ಮಾತಾಡಲು ನನಗೆ ಧೈರ್ಯವಾಗಲಿಲ್ಲ.

ಬೀಜದಂಗಡಿಯ ಮುಂದೆ ಆ ವಾಸನೆ ಹಿಡಿದ ವಾರವೇ, ಭಾನುವಾರ, ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿಂದ ಹಳೆಯ ಬಸ್ಸು ಹತ್ತಿದೆ. ಹನುಮಕ್ಕನ ಮನೆಗೆ ಬೀಗ. ಬಯಲಿಗೆ ಹೋಗಿದಾಳೆ ಅಂದರು. ಓಬಳೇಶಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಉತ್ತು ಹೋದ ಗುರುತಿತ್ತು. ಅದನ್ನು ದಾಟಿ ಇನ್ನೂ ಕೆಳಕ್ಕೆ, ಬಯಲಿನ ಕೊನೆಯಲ್ಲಿ, ಒಂದು ಕಡೆ ಕಡಿದ ಜಾಲಿಯ ರಾಶಿ, ಇನ್ನೊಂದು ಕಡೆ ಕಲ್ಲಿನ ರಾಶಿ. ಮಧ್ಯೆ ಅವಳು ಬಗ್ಗಿ ಕಲ್ಲು ಆಯುತ್ತಿದ್ದಳು.

"ಬಾ ಸರ್ವೇಯಮ್ಮ, ತೆಳ್ಳಗಾಗೋಗಿದೀಯಲ್ಲ," ಅಂದಳು, ನಿನ್ನೆ ನೋಡಿದವಳ ಹಾಗೆ.

ಮೂರು ವರ್ಷ ಮನಸ್ಸಿನಲ್ಲಿದ್ದದ್ದನ್ನೇ ಕೇಳಿದೆ. "ಎಲ್ಲರ ಹೊಲ ಉಳಿಸಿ ನಿನ್ನ ಹೊಲ ಹೋಯಿತಲ್ಲ ಅಕ್ಕ. ಬೇಜಾರಾಗಲ್ವಾ?"

ಅವಳು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. "ಆಯ್ತೈತೆ. ಹೊಟ್ಟೆ ಉರೀತೈತೆ ಕಣಮ್ಮ, ಯಾಕ್ ಸುಳ್ಳೇಳ್ಲಿ. ಅವ್ನು ಹೊಲಕ್ಕೆ ಕುರಿ ಕೂಡ್ಸಲ್ಲ, ಅದ್ನ ನೋಡಿದ್ರೆ ಇನ್ನೂ ಉರೀತೈತೆ." ಆಮೇಲೆ ಕಾಲಿನಿಂದ ನೆಲ ತಟ್ಟಿದಳು. "ಈ ಹೊಲದೋರು ಅನಂತಪುರದಾಗವ್ರೆ. ಹುಡ್ಕಿ ಹೋಗಿ ಕೇಳ್ದೆ. ಮಾಡ್ಕೊ ಅಂದ್ರು, ಸೈನೂ ಹಾಕ್ಕೊಟ್ರು. ಇದ್ನ ನೀನು ಆವತ್ತು ಬೀಡು ಅಂತ ಬರ್ದಿದ್ದೆ, ಗೆಪ್ತಿ ಐತಾ?"

ನೆನಪಿತ್ತು. ಜಾಲಿಯೊಳಗೆ ಕಾಲಿಡಲು ಆಗದೆ ಮೂಲೆಯಿಂದಲೇ ಫೋಟೋ ತೆಗೆದಿದ್ದೆ.

"ಸುಳ್ಳಲ್ಲ ಬಿಡು, ಬೀಡೇ ಆಗಿತ್ತು," ಅಂದಳು. "ಶ್ರಾವಣಕ್ಕೆ ಬಂದು ತಿದ್ದಿಸ್ಕೊಡು."

ನಾನು ಇಲ್ಲಿಯ ಸರ್ವೇಯರ್ ಅಲ್ಲ ಈಗ, ಬೇರೆಯವರಿದ್ದಾರೆ ಅಂತ ಹೇಳಲು ಹೊರಟೆ. ಒಡೆಯರು ಯಾವಾಗ ಸಹಿ ಹಾಕಿದರು, ಎಷ್ಟು ವರ್ಷಕ್ಕೆ, ಈ ಕಲ್ಲೆಲ್ಲ ಒಬ್ಬಳೇ ಆಯ್ದೆಯಾ, ಕೇಳುವುದು ಇನ್ನೂ ಎಷ್ಟೋ ಇತ್ತು. ಅವಳು ಕಲ್ಲು ತುಂಬಿದ ಬುಟ್ಟಿಯ ಒಂದು ಅಂಚು ಹಿಡಿದು ನನ್ನ ಮುಖ ನೋಡಿದಳು.

"ಆಮೇಲೆ ಕೇಳಿವಂತೆ. ಮೊದ್ಲು ಆ ಕಡೆ ಹಿಡ್ಕೊ."

ಹಿಡಿದೆ. ಬಹಳ ಭಾರವಿತ್ತು. ಇಬ್ಬರೂ ಎತ್ತಿಕೊಂಡು ಬದುವಿನ ಕಡೆ ನಡೆದೆವು.